ಕೆಳಗಿನ ಕೇರಿಯ ಬ್ಯಾಟರಿ

ಸಾಹೇಬರು ಬ್ಯಾಟರಿ ಹುಡುಕಿಕೊಂಡು ಬಂದದ್ದು ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ.

ಜೀಪು ಕೇರಿಯ ಬಾಯಲ್ಲೇ ನಿಂತಿತು. ಗುಬ್ಬಿಗಟ್ಟಿಯ ಕೆಳಗಿನ ಕೇರಿಯೊಳಗೆ ಜೀಪು ಬಂದದ್ದನ್ನು ಕಂಡವರಿಲ್ಲ. ಓಟು ಕೇಳಲು ಬರುವವರದ್ದೂ ಅಲ್ಲೇ ನಿಲ್ಲುತ್ತದೆ. ಮೂವರು ಇಳಿದರು. ಮುಂದೆ ಮಧು, ಸವದತ್ತಿಯ ಕರೆಂಟ್ ಆಫೀಸಿಗೆ ಹೊಸದಾಗಿ ಬಂದ ಎಂಜಿನಿಯರ್. ಬೈಲಹೊಂಗಲದ ಹುಡುಗ. ಮಿಂಚುವ ಬೂಟು, ಕೈಯಲ್ಲಿ ಪಾಟಿಯಷ್ಟು ಅಗಲದ ಟ್ಯಾಬು. ಅವನ ಹಿಂದೆ ಪಂಚಾಯ್ತಿ ಅಧ್ಯಕ್ಷ ನಿಜಗುಣಪ್ಪ, ಮೇಲಿನ ಓಣಿಯ ದೊಡ್ಡಮನೆಯವನು, ಧೋತರದ ಚುಂಗು ಎತ್ತಿ ಹಿಡಿದಿದ್ದ. ಕೊನೆಗೆ ಲೈನ್‌ಮನ್ ಗುರುನಾಥ. ಅವನೊಬ್ಬನಿಗೆ ನಾಚಿಕೆಯಾಗಿತ್ತು. ನೆಲ ನೋಡಿಕೊಂಡು ನಡೆದ.

"ಬ್ಯಾಟರಿ ಎಲ್ಲಿ ಮುಚ್ಚಿಟ್ಟೀರಿ?" ಮಧು ಕೇಳಿದ.

ಕೇರಿಯಲ್ಲಿದ್ದವರು ಹೆಂಗಸರು, ಮುದುಕರು. ಗಂಡಸರೆಲ್ಲ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು.

ಕೆಂಪವ್ವ ಎದ್ದಳು. ಕೇರಿಗೆಲ್ಲ ಹಿರಿಯಳು. ಮೊಣಕಾಲು ಮಡಚುವುದಿಲ್ಲ, ಬಾಯಿ ಮುಚ್ಚುವುದಿಲ್ಲ. ಒಳಗೆ ಹೋಗಿ ತನ್ನ ಖಾಲಿ ಟಾರ್ಚು ತಂದು ಮುಂದೆ ಹಿಡಿದಳು.

"ಇದ ನೋಡೋ ಎಪ್ಪಾ ನಮ್ಮ ಬ್ಯಾಟರಿ. ಶೆಲ್ಲು ಎರಡೂ ತಗಡಿನ ಮ್ಯಾಲ ಬಿಸಲಿಗೆ ಇಟ್ಟೇನಿ. ಕಾಯಿಸಿದ್ರ ಸಂಜಿಗೆ ಒಂದೀಟು ಉಸಿರು ಬರತೈತಿ."

"ಇದಲ್ಲಬೇ ಮುದುಕಿ. ದೊಡ್ಡದು. ಎಮ್ಮಿಯಷ್ಟು ದೊಡ್ಡದು ಇರಬೇಕು."

"ಎಮ್ಮಿಯಷ್ಟು ಇದ್ದಿದ್ರ ಹಾಲರ ಹಿಂಡತಿದ್ದಿಲ್ಲೇನು ನಾವು?"

ಹೆಂಗಸರು ಸೆರಗಿನೊಳಗೆ ನಕ್ಕರು. ಮಧು ನಗಲಿಲ್ಲ. ಟ್ಯಾಬು ತಿರುಗಿಸಿ ತೋರಿಸಿದ. ಅದರಲ್ಲಿ ಎರಡು ಗೆರೆ. ಒಂದು ಕೇರಿಯ ನೀರಿನ ಟಾಕಿಯದು, ಟಾಕಿಯೊಳಗೆ ಇಳಿಬಿಟ್ಟ ಯಂತ್ರ ಬರೆದದ್ದು. ದಿನಾ ಬೆಳಿಗ್ಗೆ ಮೇಲೇರುತ್ತಿತ್ತು. ಇನ್ನೊಂದು ಬೋರಿನ ಮೋಟರಿನ ಮೀಟರಿನದು. ಹೆಣದ ಹಾಗೆ ಅಡ್ಡ ಮಲಗಿತ್ತು.

"ಮೋಟರಿಗೆ ಕರೆಂಟ ಕೊಟ್ಟಿಲ್ಲ ನಾವು. ಆದ್ರೂ ಟಾಕಿ ತುಂಬತೈತಿ. ನೀರು ತಾನಾಗೇ ಏಣಿ ಹತ್ತತೈತೇನು? ಎಲ್ಲೋ ಕದ್ದು ಕರೆಂಟ ಕೂಡಿಟ್ಟೀರಿ. ಹುಡುಕಬೇಕಂತ ಆರ್ಡರ್ ಐತಿ."

ಹುಡುಕಿದರು. ಮನೆ ಮನೆ ಹೊಕ್ಕರು. ಟ್ರಂಕು ತೆಗೆಸಿದರು. ಕೌದಿ ಕೊಡವಿಸಿದರು. ಸುಂದರವ್ವನ ಮನೆಯಲ್ಲಿ ಜೋಳದ ಚೀಲಕ್ಕೆ ಕಬ್ಬಿಣದ ಸರಳು ಚುಚ್ಚಿದರು. ಜೋಳ ನೆಲಕ್ಕೆ ಸುರಿಯಿತು. ಒಲೆಯ ಬೂದಿ ಕೆದರಿದರು. ಗೋಡೆಗೆ ಬಾಬಾಸಾಹೇಬರ ಫೋಟೋ ಇತ್ತು.

"ಅದರ ಹಿಂದ ಏನೈತಿ?"

"ಗ್ವಾಡಿ ಐತ್ರಿ," ಅಂದಳು ಸುಂದರವ್ವ.

ತಾನೇ ಫೋಟೋ ಇಳಿಸಿದಳು. ಅವರ ಕೈಗೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ನಿಂತಳು. ಅವಳ ಕುತ್ತಿಗೆಗೆ ಆಸ್ಪತ್ರೆಯ ಬಿಳಿ ಪಟ್ಟಿ ಬಿಗಿದಿತ್ತು, ತಲೆ ಬಗ್ಗಿಸಲು ಬರುತ್ತಿರಲಿಲ್ಲ. ಮಧು ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಗೋಡೆ ಗೋಡೆಯ ಹಾಗೇ ಸಪ್ಪಳ ಮಾಡಿತು. ನಿಜಗುಣಪ್ಪ ಹೊಸ್ತಿಲಾಚೆಯೇ ನಿಂತಿದ್ದ.

"ನಾ ಒಳಗ ಬರಂಗಿಲ್ರಿ ಸಾಹೇಬರ. ಇವತ್ತು ಸೋಮವಾರ."

ಸುಂದರವ್ವನ ಮಗಳು ಭಾಗ್ಯಾ ಒಲೆಯ ಮೂಲೆಯಲ್ಲಿ ನಿಂತಿದ್ದಳು. ಚೆಲ್ಲಿದ ಜೋಳವನ್ನು ನೋಡುತ್ತಿದ್ದಳು. ಮಾತು ಗಂಟಲಿಗೆ ಬಂದಿತ್ತು, ಅಲ್ಲೇ ಕೂತಿತ್ತು. ಅವಳ ಮಾತಿನ ಹಣೆಬರಹವೇ ಅಷ್ಟು. ಮುನವಳ್ಳಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದವಳು. ಕ್ಲಾಸಿನಲ್ಲಿ ಹೆಸರು ಕೂಗಿದಾಗ ಕೈ ಎತ್ತುತ್ತಿದ್ದಳು, ದನಿ ತೆಗೆಯುತ್ತಿರಲಿಲ್ಲ. ಮಾಸ್ತರು ತಲೆ ಎತ್ತಿ ನೋಡುತ್ತಿರಲಿಲ್ಲ. ಹೀಗೆ ದಿನಾ ಹೋಗಿಯೂ ಅರ್ಧ ವರ್ಷ ಗೈರುಹಾಜರಾಗಿದ್ದವಳು ಅವಳು.

ಬ್ಯಾಟರಿ ಸಿಗಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಕೆಂಪವ್ವನ ಎರಡು ಶೆಲ್ಲುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಸಾಕ್ಷಿ ಎಂದು ಒಯ್ದರು.

ಇದೆಲ್ಲ ಶುರುವಾದದ್ದು ಕಂಬಕ್ಕೆ ಪೆಟ್ಟಿಗೆ ಬಂದಾಗಿನಿಂದ.

ಮೊದಲು ಕಂಬದಲ್ಲಿ ಒಂದು ಹ್ಯಾಂಡಲ್ ಇತ್ತು. ಗುರುನಾಥ ಎಳೆದರೆ ಕರೆಂಟು ಹೋಗುತ್ತಿತ್ತು, ತಳ್ಳಿದರೆ ಬರುತ್ತಿತ್ತು. ಅವನನ್ನು ಬಯ್ಯಬಹುದಿತ್ತು. ಚಹಾ ಕುಡಿಸಿ ಕೇಳಿಕೊಳ್ಳಬಹುದಿತ್ತು. ಈಗ ಹ್ಯಾಂಡಲ್ ಕಿತ್ತು, ಆ ಜಾಗದಲ್ಲಿ ಬೂದು ಬಣ್ಣದ ಪೆಟ್ಟಿಗೆ ಕೂಡಿಸಿದ್ದರು. ಮನೆಗೊಂದು ಹೊಸ ಮೀಟರು, ಮೋಟರಿಗೊಂದು, ಟಾಕಿಯೊಳಗೊಂದು ಯಂತ್ರ. ಎಲ್ಲವೂ ಒಂದರೊಡನೊಂದು ಮಾತಾಡುತ್ತವಂತೆ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಜೊತೆ, ಬಿಸಿಲಿನ ಪ್ಲೇಟುಗಳ ಜೊತೆ, ಎಲ್ಲೋ ದೂರದ ಊರಿನ ದೊಡ್ಡ ಕಂಪ್ಯೂಟರಿನ ಜೊತೆ. ಎಲ್ಲಿ ಕರೆಂಟು ತೆಗೆಯಬೇಕು, ಎಲ್ಲಿ ಕೊಡಬೇಕು ಎಂದು ಅವೇ ಮಾತಾಡಿಕೊಂಡು ಮುಗಿಸುತ್ತವೆ.

"ಯಾರ ತೆಗೀತಾರೋ ಗುರುನಾಥಾ ಈಗ?" ಎಂದು ಕೆಂಪವ್ವ ಕೇಳಿದ್ದಳು.

"ಯಾರೂ ತೆಗಿಯಂಗಿಲ್ಲಬೇ ಯವ್ವಾ. ತಾನಾಗೇ ಕಲೀತೈತಿ ಅದು."

ಅದು ಕಲಿಯಿತು. ಬೆಳಗಿನ ಹೊತ್ತು ಕರೆಂಟು ಸಾಲುವುದಿಲ್ಲ, ಯಾರದ್ದಾದರೂ ತೆಗೆಯಬೇಕು. ಮೊದಲ ದಿನ ಮೇಲಿನ ಓಣಿಯದ್ದು ತೆಗೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಫೀಸಿಗೆ ಫೋನಿನ ಸುರಿಮಳೆ. ನಿಜಗುಣಪ್ಪ ಯಾರು ಯಾರಿಗೋ ಫೋನು ಹಚ್ಚಿದ. ಮರುದಿನ ಕೆಳಗಿನ ಕೇರಿಯದ್ದು ತೆಗೆಯಿತು. ಭಾಗ್ಯಾ ಒಬ್ಬಳೇ ಫೋನು ಮಾಡಿದಳು. ಒಂದು ಒತ್ತಿ ಎಂದಿತು, ಒತ್ತಿದಳು. ನಾಲ್ಕು ಒತ್ತಿ ಎಂದಿತು, ಒತ್ತಿದಳು. ನಿಮ್ಮ ದೂರನ್ನು ಹೇಳಿ ಎಂದಿತು. ಅವಳಿಗೆ ದನಿ ಬರಲಿಲ್ಲ. ದೂರು ಇಲ್ಲವೆಂದು ತಿಳಿದುಕೊಂಡು ಧನ್ಯವಾದ ಹೇಳಿ ಇಟ್ಟುಬಿಟ್ಟಿತು.

ಕೂಸು ಅತ್ತರೆ ಮೊಲೆ. ಅಳದ ಕೂಸು ಯಾವುದೆಂದು ಯಂತ್ರಕ್ಕೆ ಗೊತ್ತಾಯಿತು. ಅಂದಿನಿಂದ ದಿನಾ ಬೆಳಗಾಗುವ ಮುಂಚೆ ಕೇರಿಯ ಕರೆಂಟು ಹೋಯಿತು. ಮೋಟರೂ ನಿಂತಿತು.

ಮನೆಗಳಿಗೆ ಅದು ಬರುತ್ತಿದ್ದದ್ದು ಮಧ್ಯಾಹ್ನ. ಗುಡ್ಡದ ಮೇಲೆ ಗಾಳಿ ಎದ್ದು ಫ್ಯಾನುಗಳು ಜೋರಾಗಿ ತಿರುಗಿದಾಗ, ಹೆಚ್ಚಾದ ಕರೆಂಟನ್ನು ಎಲ್ಲಾದರೂ ಸುರಿಯಬೇಕಲ್ಲ. ಎಲ್ಲರ ಮೊಬೈಲಿಗೂ ಮೆಸೇಜು ಬರುತ್ತಿತ್ತು: ಈಗ ಬಳಸಿರಿ. ಹೆಂಗಸರು ಆಗ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಕೆಂಪವ್ವ ಒಬ್ಬಳೇ ಕೇರಿಯಲ್ಲಿ ಲೈಟು ಹಚ್ಚಿ, ಫ್ಯಾನು ಬಿಟ್ಟುಕೊಂಡು, ಚಳಿಯಾಗಿ ಕೌದಿ ಹೊದ್ದು ಕೂತಿರುತ್ತಿದ್ದಳು.

"ಆರಸಬಾರದೇನಬೇ?" ಎಂದರೆ, "ಸರಕಾರದ ಗಾಳಿ, ಬ್ಯಾಡ ಅಂದ್ರ ಸಿಟ್ಟಾಗತೈತೇನೋ," ಅನ್ನುತ್ತಿದ್ದಳು.

ಮೋಟರಿನ ಲೈನು ಬೇರೆ. ಅದಕ್ಕೆ ಆ ಗಾಳಿಯ ಕರೆಂಟೂ ಇಲ್ಲ.

ಬ್ಯಾಟರಿಯನ್ನು ಮಧು ಕೊನೆಗೂ ಹಿಡಿದ. ಮರುದಿನ ಇನ್ನೂ ಮಬ್ಬುಗತ್ತಲಿರುವಾಗಲೇ ಬಂದು, ಟಾಕಿಯ ಹತ್ತಿರ ಜಾಲಿಯ ಮರೆಯಲ್ಲಿ ಕಳ್ಳನ ಹಾಗೆ ಕೂತ.

ಹಳ್ಳದ ಕಡೆಯಿಂದ ಹೆಂಗಸರು ಬಂದರು. ಬೇಸಿಗೆಯ ಹಳ್ಳ. ನೀರು ಮೇಲಿಲ್ಲ, ಉಸುಕಿನ ಕೆಳಗಿದೆ. ಮಂಡಿಯೂರಿ ಉಸುಕು ತೋಡಬೇಕು. ತೋಡಿದ ಗುಂಡಿಯಲ್ಲಿ ನೀರು ಜಿನುಗುವವರೆಗೆ ಕಾಯಬೇಕು. ವಾಟಿಯಿಂದ ಮೊಗೆದು, ಸೆರಗಿನಿಂದ ಸೋಸಿ, ಕೊಡ ತುಂಬಬೇಕು. ತುಂಬಿದ ಕೊಡ ತಲೆಗೆ. ಕೊಡದ ಕೆಳಗೆ ಬಟ್ಟೆಯ ಸಿಂಬಿ, ಸಿಂಬಿಯ ಕೆಳಗೆ ತಲೆ, ತಲೆಯ ಕೆಳಗೆ ಕುತ್ತಿಗೆ. ಸುಂದರವ್ವನ ಕುತ್ತಿಗೆಯಲ್ಲಿ ಎಲುಬು ಸವೆದಿತ್ತು. ತಲೆಯ ಮೇಲೆ ಇನ್ನು ಒಂದು ಹೂವನ್ನೂ ಹೊರಬೇಡ ಎಂದು ಹೇಳಿ ಸವದತ್ತಿಯ ಡಾಕ್ಟರು ಪಟ್ಟಿ ಕೊಟ್ಟಿದ್ದರು. ಅವಳು ಪಟ್ಟಿ ಕಟ್ಟಿಕೊಂಡೇ ಹೊರುತ್ತಿದ್ದಳು.

"ನಾ ಎರಡು ಸಲ ಹೋಗತೇನಿ, ನೀ ಕುಂದರಬೇ," ಎಂದು ಭಾಗ್ಯಾ ದಿನಾ ಹೇಳುತ್ತಿದ್ದಳು. ಅವ್ವ ಕೇಳುತ್ತಿರಲಿಲ್ಲ. ಕಾರಣ ಮೊದಲ ಕೊಡ.

ಅದು ಕೇರಿಯ ಪದ್ಧತಿ. ಯಾರೇ ನೀರು ತಂದರೂ ಮೊದಲ ಕೊಡ ಕೇರಿಯ ಟಾಕಿಗೆ, ಆಮೇಲಿನದು ಮನೆಗೆ. ಸುಂದರವ್ವನ ಅತ್ತೆಯ ಕಾಲದಲ್ಲಿ ಮೇಲಿನ ಓಣಿಯ ಬಾವಿಯಲ್ಲಿ ಇವರು ಕೈಯೊಡ್ಡಿ ನಿಲ್ಲಬೇಕಿತ್ತು. ಮೇಲಿನಿಂದ ಯಾರಾದರೂ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ದಿನ ಸುರಿದವನು ನೀರಿನ ಜೊತೆ ಉಗುಳಿದ. ಅಂದೇ ಕೇರಿಯವರು ಕಲ್ಲು ಹೊತ್ತು ತಂದು ತಮ್ಮದೇ ಟಾಕಿ ಕಟ್ಟಿದರು. ಹೊರಲು ಆಗುವವರು ಹೊತ್ತು ಹಾಕಬೇಕು. ಆಗದವರು ಯಾರ ಮುಂದೆಯೂ ಕೈಯೊಡ್ಡದೆ ನಳ ತಿರುಗಿಸಿ ಕುಡಿಯಬೇಕು. ಕಲ್ಲಿನ ಟಾಕಿ ಬಿತ್ತು. ಕಟ್ಟೆಯ ಮೇಲೆ ಕರಿ ಪ್ಲಾಸ್ಟಿಕ್ ಟಾಕಿ ಬಂತು. ಬೋರು ಬಂತು, ಮೋಟರು ಬಂತು. ಮೋಟರು ನಿಂತ ದಿನ ಪದ್ಧತಿ ತಾನಾಗಿ ಎದ್ದು ಬಂತು. ಮೊದಲ ಕೊಡ ಹಾಕದೆ ಮನೆಯಲ್ಲಿ ಕೂತರೆ ಸುಂದರವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಬ್ಬೊಬ್ಬರೇ ಕಬ್ಬಿಣದ ಏಣಿ ಹತ್ತಿದರು. ಒಂದು ಕೈ ಕೊಡಕ್ಕೆ, ಒಂದು ಕೈ ಏಣಿಗೆ. ಸುಂದರವ್ವ ಹತ್ತಿದಳು. ಬಿಳಿ ಪಟ್ಟಿಯ ಮೇಲೆ ತಲೆ, ತಲೆಯ ಮೇಲೆ ತಾಮ್ರದ ಕೊಡ. ಸುರಿದಳು. ಮಧುವಿನ ಟ್ಯಾಬಿನಲ್ಲಿ ಗೆರೆ ಒಂದು ಕೂದಲೆಳೆ ಮೇಲೇರಿತು.

ಅವನು ಜಾಲಿಯ ಮರೆಯಿಂದ ಜಿಗಿದು ಬಂದ. ಮುಖ ಹಿಗ್ಗಿತ್ತು.

"ನೀವ ಏನ್ರಿ! ನೀವ ಬ್ಯಾಟರಿ!"

ಹೆಂಗಸರು ಬೆದರಿ ಸೆರಗು ಹೊದ್ದರು.

"ಇಂಥಾದ್ದು ಇಡೀ ರಾಜ್ಯದಾಗ ಇಲ್ಲ," ಅಂದ. "ಕರೆಂಟ ಇಲ್ಲದ ಟಾಕಿ ತುಂಬತೈತಂದ್ರ ಅಷ್ಟೂ ಕರೆಂಟ ಉಳೀತು. ಉಳಿದದ್ದು ಕೂಡಿಟ್ಟಾಂಗ. ಕೂಡಿಟ್ಟದ್ದು ಅಂದ್ರ ಬ್ಯಾಟರಿ. ಅಕ್ಕಾರ, ಒಂದ ಕೊಡಾನ ಹೊರತೀರೋ, ಎರಡು ಹೊರಾಕ ಬರತೈತೋ?"

ಅಂದಿನ ಮಟ್ಟಿಗೆ ಅವನು ಕೇಳಿದ್ದು ಅದೊಂದೇ.

ಮೋಟರಿಗೆ ಕರೆಂಟು ಬರಲಿಲ್ಲ. ಬದಲಿಗೆ ದೂರದ ಕಂಪ್ಯೂಟರಿಗೆ ಹೊಸ ಸುದ್ದಿ ಹೋಯಿತು: ಗುಬ್ಬಿಗಟ್ಟಿಯ ಕೆಳಗಿನ ಕೇರಿಯಲ್ಲಿ ಬ್ಯಾಟರಿ ಇದೆ. ನಂಬಬಹುದಾದದ್ದು. ಕಂಪ್ಯೂಟರು ನಂಬಿತು. ಬೆಳಿಗ್ಗೆ ಮಾತ್ರ ಹೋಗುತ್ತಿದ್ದ ಮನೆಗಳ ಕರೆಂಟು ಸಂಜೆಯೂ ಹೋಗತೊಡಗಿತು.

ಆ ವಾರವೇ ಸುಂದರವ್ವನ ಬಲಗೈ ಮರಗಟ್ಟಿತು. ಏಣಿಯ ಮೇಲಿದ್ದಳು. ಕೈ ಕೊಡ ಬಿಟ್ಟಿತು. ಬಿಟ್ಟದ್ದು ಅವಳಿಗೇ ಗೊತ್ತಾಗಲಿಲ್ಲ. ಕೊಡ ಉರುಳಿ ಭಾಗ್ಯಾಳ ಕಾಲ ಬಳಿ ಬಿದ್ದು ನಗ್ಗಿತು. ಅವ್ವ ಏಣಿಯನ್ನು ಎಡಗೈಯಲ್ಲಿ ತಬ್ಬಿಕೊಂಡು ನಿಂತೇ ಇದ್ದಳು. ಕೆಳಗಿಳಿಸಲು ನಾಲ್ಕು ಜನ ಬೇಕಾಯಿತು.

ಡಾಕ್ಟರು ಪಟ್ಟಿಯನ್ನು ಇನ್ನೂ ಬಿಗಿ ಮಾಡಿದರು. "ಇನ್ನೊಂದು ಸಲ ಹೊತ್ತರ ಎರಡೂ ಕೈ ಹೋಗತಾವ. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ."

ಭಾಗ್ಯಾ ಆಸ್ಪತ್ರೆಯಿಂದ ನೇರ ಕರೆಂಟ್ ಆಫೀಸಿಗೆ ಹೋದಳು. ಬಾಗಿಲ ಬಳಿ ನಿಂತಳು. ಒಳಗಿನವರು ಹೊರಗೆ ಬಂದರು, ಹೊರಗಿನವರು ಒಳಗೆ ಹೋದರು, ಯಾರೂ ಕೇಳಲಿಲ್ಲ. ಬಾಯಲ್ಲಿ ಒಂದೇ ಮಾತನ್ನು ಹೊರಳಿಸುತ್ತ ನಿಂತಿದ್ದಳು. ಊಟದ ಹೊತ್ತಿಗೆ ಮಧುವೇ ನೋಡಿದ.

"ಸರ್... ಮುಂಜಾನಿ ಒಂದು ತಾಸು... ಮೋಟರಿಗೆ ಕರೆಂಟ ಕೊಡ್ರಿ. ನಮ್ಮವ್ವನ ಕುತ್ತಿಗಿ..."

ಅಷ್ಟು ಹೇಳಿದ್ದಕ್ಕೇ ಬೆವತಿದ್ದಳು.

ಮಧು ಕೆಟ್ಟವನಲ್ಲ. ಕೂಡಿಸಿದ. ನೀರು ಕೊಟ್ಟ. ಗೋಡೆಯ ಪರದೆ ತೋರಿಸಿದ. ಊರಿನ ನಕಾಶೆ. ಮೇಲಿನ ಓಣಿ ಕೆಂಪು, ಕೇರಿ ಹಸಿರು.

"ಹಸರು ಅಂದ್ರ ಛಲೋ ತಂಗಿ. ನಿಮ್ಮಂಥ ಶಾಣ್ಯಾ ಮಂದಿ ಇಲ್ಲ. ಆ ಕೆಂಪಿನವರು ಬರೀ ಕಿರಿಕಿರಿ."

"ಕುತ್ತಿಗಿ, ಸರ್."

"ಹಾಂ. ಆರೋಗ್ಯದ ಕಾರಣಕ್ಕ ಕರೆಂಟ ತೆಗಿಯದಾಂಗ ಮಾಡಾಕ ಬರತೈತಿ. ಖರೇ. ಆದ್ರ ಅದು ಆ ಮೀಟರಿನವರ ಆರೋಗ್ಯ ಇರಬೇಕು. ಇದು ಮೋಟರಿನ ಮೀಟರ್. ಮೋಟರಿಗೆ ಕುತ್ತಿಗಿ ಇಲ್ಲ."

ಭಾಗ್ಯಾ ಅವನನ್ನೇ ನೋಡಿದಳು. ಅವನು ನಗೆಚಾಟಿಕೆಗೆ ಹೇಳಿರಲಿಲ್ಲ. ಕೀಲಿಮಣೆಯ ಮೇಲೆ ಬೆರಳಿಟ್ಟು, ನಿಜವಾಗಿಯೂ ಕುತ್ತಿಗೆಗೊಂದು ಜಾಗ ಹುಡುಕುತ್ತಿದ್ದ.

"ಮತ್ತ ನಿಮ್ಮ ತಾಯಿಯವರು ಈಗ ಗ್ರಾಹಕರಲ್ಲ. ಸಿಸ್ಟಮ್ಮಿನಾಗ ಸಲಕರಣಿ ಅಂತ ಬಂದಾರ. ಸಲಕರಣಿಗೆ ಆರೋಗ್ಯ ಇರಂಗಿಲ್ಲ. ರಿಪೇರಿ ಇರತೈತಿ. ಗುರುನಾಥನ ಕಳಸತೇನಿ."

ಗುರುನಾಥ ಮರುದಿನ ಬಂದ. ಕೈಯಲ್ಲಿ ಸುತ್ತಿಗೆ, ಮೊಳೆ, ಒಂದು ತಗಡಿನ ಬೋರ್ಡು. ಕೆಂಪು ಬಣ್ಣದಲ್ಲಿ ತಲೆಬುರುಡೆ, ಅಡ್ಡ ಎರಡು ಎಲುಬು. ಕೆಳಗೆ: ಅಪಾಯ. ಮುಟ್ಟಬೇಡಿ. ಎಲ್ಲಿ ಬ್ಯಾಟರಿ ಇದೆಯೋ ಅಲ್ಲಿ ಬೋರ್ಡು ಇರಲೇಬೇಕಂತೆ. ಬ್ಯಾಟರಿಯ ವಿಳಾಸ ಎಂದು ಸುಂದರವ್ವನ ಮನೆ ಬರೆದಿದ್ದರಂತೆ.

ಅವನು ಬಾಗಿಲ ಮೇಲೆ ಮೊಳೆ ಹೊಡೆದ. ಸುಂದರವ್ವ ಒಳಗೆ ಮಲಗಿದ್ದಳು. ಹೊಡೆತಕ್ಕೊಮ್ಮೆ ಗೋಡೆಯ ಮಣ್ಣು ಅವಳ ಮೇಲೆ ಉದುರಿತು.

ಕೆಂಪವ್ವ ಕೋಲೂರಿಕೊಂಡು ಬಂದಳು. ಓದಲು ಬಾರದವಳು. ಭಾಗ್ಯಾಳಿಂದ ಓದಿಸಿಕೊಂಡಳು. ಕೋಲಿನ ತುದಿಯಿಂದ ಬೋರ್ಡನ್ನು ತಟ್ಟಿದಳು.

"ನಮ್ಮನ್ನ ಮುಟ್ಟಬ್ಯಾಡಾಂತ ಹೇಳಾಕ ಬೋರ್ಡ್ ಯಾಕ ಬೇಕಾಗಿತ್ತೋ ಗುರುನಾಥಾ? ಬೋರ್ಡ್ ಇಲ್ಲದ ಛಂದಾಗಿ ನಡದಿತ್ತಲ್ಲೋ."

ಗುರುನಾಥ ಸುತ್ತಿಗೆ ಕೆಳಗಿಟ್ಟ. ಮೆಟ್ಟಿಲ ಮೇಲೆ ಕೂತುಬಿಟ್ಟ.

"ಏನ ಮಾಡ್ಲಿಬೇ ಯವ್ವಾ? ಹ್ಯಾಂಡಲ್ ನನ್ನ ಕೈಯಾಗ ಇದ್ದಿದ್ರ ಇವತ್ತ ತಳ್ಳತಿದ್ದೆ. ಈಗ ಬೆಳಗಾವಿ ಸಾಹೇಬಗೂ ಆಗೂದಿಲ್ಲ. ಕಾನೂನಿನ ಪ್ರಕಾರ ಕುಡಿಯೋ ನೀರಿಗೆ ಮೊದಲ ಕರೆಂಟ. ಟಾಕಿ ಕಾಲುಭಾಗಕ್ಕಿಂತ ಕೆಳಗ ಇಳೀತಂದ್ರ, ಮೇಲಿನ ಓಣೀದು ಕಿತ್ತು ನಿಮ್ಮ ಮೋಟರಿಗೆ ಹಾಕತೈತಿ ಅದು. ತಾನಾಗೇ. ಆದ್ರ ನಿಮ್ಮ ಟಾಕಿ ಇಳೀಬೇಕಲ್ಲ? ಎಂದೂ ಇಳಿಯಂಗಿಲ್ಲ. ಅದು ನಿಮಗ ನೀರಿನ ತ್ರಾಸ ಇಲ್ಲ ಅಂತ ತಿಳಕೊಂಡೈತಿ."

ಭಾಗ್ಯಾ ಕೇಳಿಸಿಕೊಂಡಳು. ಬೋರ್ಡು ನೋಡಿದಳು. ಟಾಕಿ ನೋಡಿದಳು.

ನಾಲ್ಕು ದಿನಕ್ಕೆ ನಿಜಗುಣಪ್ಪ ಬಂದ. ಕೇರಿಯ ಬಾಯಲ್ಲೇ ನಿಂತು ಕರೆದ. ಮುಖದ ತುಂಬ ನಗೆ.

"ಕೇಳ್ರಿ! ನಮ್ಮೂರ ಹೆಸರ ಮ್ಯಾಲ ಬಂತು. ಗುರುವಾರ ಬೆಳಗಾವಿಯಿಂದ ದೊಡ್ಡ ಸಾಹೇಬರು ಬರತಾರ. ನಮ್ಮ ಓಣ್ಯಾಗ ಪೆಂಡಾಲ. ಉತ್ತಮ ಸಹಕಾರಿ ಕೇರಿ ಅಂತ ನಿಮಗ ಫಲಕ, ಸುಂದರವ್ವಗ ಶಾಲು. ನೀವು ನೀರ ಹೊರೂದನ್ನ ದೊಡ್ಡ ಪರದೆ ಮ್ಯಾಲ ಎಲ್ಲಾರಿಗೂ ತೋರಸ್ತಾರ. ಹೊತ್ತ ಮ್ಯಾಲ ಎಲ್ಲಾರೂ ಬರ್ರಿ. ಪೆಂಡಾಲ ಹೊರಗ ನಿಮಗ ಜಾಗಾ ಮಾಡಿಸೇನಿ."

"ಹೊರಗ್ಯಾಕ್ರಿ ಗೌಡ್ರ?" ಕೆಂಪವ್ವ ಕೇಳಿದಳು.

"ಏ, ಜಾತಿ ಪಾತಿ ಏನಿಲ್ಲಬೇ ಮತ್ತ. ಕಾಲ ಬದಲಾಗೈತಿ. ಇದು ಸೇಫ್ಟಿ. ಸಲಕರಣಿ ಪೆಂಡಾಲ ಹೊರಗ ಇರಬೇಕಂತ ಆಫೀಸಿನವರ ರೂಲು. ಮತ್ತ ಸುಂದರವ್ವಾ, ಆ ಕುತ್ತಿಗಿ ಪಟ್ಟಿ ಅವತ್ತ ಕಟ್ಟಬ್ಯಾಡ. ಫೋಟೋದಾಗ ಛಂದ ಕಾಣಂಗಿಲ್ಲ."

ಅವನು ಹೋದ ಮೇಲೆ ಹೆಂಗಸರು ಟಾಕಿಯ ಕಟ್ಟೆಗೆ ಸೇರಿದರು. ಭಾಗ್ಯಾ ಕೂತು ನೆಲಕ್ಕೆ ಮುಖ ಮಾಡಿ ಹೇಳಿದಳು. ಬಹಳ ಸಣ್ಣ ದನಿಯಲ್ಲಿ. ಕೇಳಿಸದೆ ಎಲ್ಲರೂ ತಲೆ ಹತ್ತಿರ ತಂದರು.

"ಗುರುವಾರ ಮೊದಲನೇ ಕೊಡ ಹಾಕೂದು ಬ್ಯಾಡ. ಇದ್ದ ನೀರೂ ಬಿಟ್ಟುಬಿಡೂನು. ಟಾಕಿ ಖಾಲಿ ಆಗಲಿ."

ಸುಂದರವ್ವ ಸಿಡಿದಳು. "ಯಾರ ಮನಿ ಹಾಳ ಮಾಡೂ ಮಾತಲೇ ಅದು? ನಮ್ಮತ್ತಿ ಕಲ್ಲ ಹೊತ್ತು ಕಟ್ಟಿದ್ದು ಅದು. ಉಗುಳಿದ ನೀರ ಬ್ಯಾಡಂತ ಕಟ್ಟಿದ್ದು. ಆ ಟಾಕಿ ಖಾಲಿ ಬಿಟ್ಟು ನಾ ಮನ್ಯಾಗ ನೀರ ಕುಡೀಲಿ? ಕೆಂಪತ್ತಿ ಏನ ಕುಡೀಬೇಕು? ಮೂಲ್ಯಾಗ ಬಿದ್ದ ಮರೆವ್ವ ಏನ ಕುಡೀಬೇಕು?"

ಅವ್ವ ಹೇಳಿದ್ದು ಸುಳ್ಳಲ್ಲ. ಆ ಟಾಕಿ ಇಲ್ಲದಿದ್ದರೆ ಕೇರಿಯ ಮುದುಕಿಯರು ಎಂದೋ ಮತ್ತೆ ಕೈಯೊಡ್ಡಿ ನಿಲ್ಲುತ್ತಿದ್ದರು.

ಉತ್ತರ ಕೊಟ್ಟವಳು ಕೆಂಪವ್ವ.

"ಸುಂದರೀ, ಆ ಟಾಕಿ ನೀರ ಕುಡದು ಬದುಕಿದಾಕಿ ನಾನು. ಅದಕ್ಕ ನಾನ ಹೇಳತೇನಿ. ನಾವು ಕೊಡ ಹಾಕಿದ್ದು ನಮ್ಮ ಮಂದಿಗೆ. ಅವರಿಗಲ್ಲ. ನಮ್ಮ ಮೊದಲನೇ ಕೊಡಾನ ಅವರು ಕದ್ದಾರ. ಕದ್ದು ತಮ್ಮ ಫ್ಯಾನ ತಿರಗಿಸಿಕೊಂಡಾರ. ಒಂದಿನ ನಾಲಗಿ ಒಣಗಿದ್ರ ಒಣಗಲಿ. ಸಾಯಂಗಿಲ್ಲ ನಾ. ಸತ್ರೂ ಆ ಬೋರ್ಡ್ ಕಿತ್ತು ನನ್ನ ಜೋಡಿ ಹುಗೀರಿ."

ಸುಂದರವ್ವ ಎಡಗೈಯೂರಿ ಎದ್ದು ಮನೆಗೆ ನಡೆದಳು.

ಗುರುವಾರ ಬೆಳಿಗ್ಗೆ ಯಾರೂ ಹಳ್ಳಕ್ಕೆ ಇಳಿಯಲಿಲ್ಲ. ಮೇಲಿನ ಓಣಿಯಲ್ಲಿ ಪೆಂಡಾಲು, ಮೈಕು, ಕೂಲರು, ಗೋಡೆಯಷ್ಟು ದೊಡ್ಡ ಪರದೆ. ಅದಕ್ಕೆಲ್ಲ ಬೇಕಾದ ಕರೆಂಟನ್ನು ಯಂತ್ರ ಕೇರಿಯಿಂದ ತೆಗೆದಾಗಿತ್ತು. ಟಾಕಿಯ ಎದುರು ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದರು. ಕ್ಯಾಮೆರಾ ಖಾಲಿ ಏಣಿಯನ್ನು ತೋರಿಸುತ್ತಿತ್ತು.

ಭಾಗ್ಯಾ ಟಾಕಿಯ ಹತ್ತಿರ ಹೋದಳು. ನಳಕ್ಕೆ ಕೈ ಹಾಕಿದಳು. ಆ ನೀರು ಅವಳಿಗೆ ಗೊತ್ತು. ಯಾವ ಕೊಡ ಯಾರು ತಂದದ್ದೆಂದು ಗೊತ್ತು. ಅದರಲ್ಲಿ ಕೈ ಮರಗಟ್ಟುವ ಮುಂಚೆ ಅವ್ವ ಸುರಿದ ಕೊನೆಯ ಕೊಡವೂ ಇತ್ತು. ಕೈ ತಡೆಯಿತು.

ತಿರುಗಿಸಿದಳು. ಪೂರ್ತಿ ತಿರುಗಿಸಿದಳು.

ನೀರು ಧೋ ಎಂದು ನೆಲಕ್ಕೆ ಬಿತ್ತು. ಕಟ್ಟೆಯಿಂದಿಳಿದು ಗಟಾರಕ್ಕೆ ಹರಿಯಿತು. ತಲೆಯ ಮೇಲೆ ಹೊತ್ತು ತಂದ ನೀರು. ಸುಂದರವ್ವ ಬಾಗಿಲಲ್ಲಿ ನಿಂತು ನೋಡಿದಳು. ಕುತ್ತಿಗೆ ತಿರುಗಿಸಲು ಬರುವುದಿಲ್ಲವೆಂದು ಇಡೀ ಮೈಯನ್ನೇ ತಿರುಗಿಸಿ ಗೋಡೆಗೆ ಮುಖ ಮಾಡಿದಳು.

ಮೈಕಿನಲ್ಲಿ ನಿಜಗುಣಪ್ಪನ ದನಿ ಕೇರಿಯವರೆಗೂ ಕೇಳುತ್ತಿತ್ತು. "...ಈ ನಮ್ಮ ಕೇರಿಯ ತಾಯಂದಿರು, ಎಂದೂ ಬ್ಯಾಡ ಅಂದವರಲ್ಲ, ಎಂದೂ ಎದುರು ಮಾತಾಡಿದವರಲ್ಲ, ಇಂಥ ತಾಯಂದಿರು ನಮ್ಮ ಊರಿಗೆ..."

ಕಂಬದ ಪೆಟ್ಟಿಗೆ ಟಕ್ ಎಂದಿತು. ಮೈಕು ಸತ್ತಿತು.

ಅದರ ಹಿಂದೆಯೇ, ಎಷ್ಟೋ ದಿನಗಳಿಂದ ಸುಮ್ಮನಿದ್ದ ಮೋಟರು ಒಮ್ಮೆ ಕೆಮ್ಮಿ, ಗುರ್ ಎಂದು ಸುತ್ತತೊಡಗಿತು.

ಟಾಕಿಗೆ ನೀರು ಬೀಳುವ ಸಪ್ಪಳ ಕೇಳಿ ಹೆಂಗಸರು ಓಡಿ ಬಂದರು. ಕೊಡ, ಬಿಂದಿಗೆ, ಬಕೀಟು, ಹಂಡೆ, ಕೊನೆಗೆ ಪಲ್ಯದ ಬೋಗುಣಿ. ನಳದ ಬಾಯಿ ಮುಚ್ಚಲಿಲ್ಲ. ಒಂದು ತುಂಬಿದರೆ ಇನ್ನೊಂದು ಹಿಡಿದರು. ಮೊದಲ ಚರಿಗೆ ಕೆಂಪವ್ವನಿಗೆ, ಎರಡನೆಯದು ಮರೆವ್ವನಿಗೆ ಹೋಯಿತು. ಮೇಲಿನಿಂದ ಬಿದ್ದಷ್ಟು ಕೆಳಗಿನಿಂದ ತೆಗೆದರು. ಟಾಕಿ ಮೇಲೇಳಲಿಲ್ಲ. ಮೋಟರು ನಿಲ್ಲಲಿಲ್ಲ. ಪೆಂಡಾಲಿಗೆ ಕರೆಂಟು ಬರಲಿಲ್ಲ.

ಮಧು ಓಡುತ್ತ ಬಂದ. ಟೈ ಹೆಗಲ ಮೇಲಿತ್ತು. ಹಿಂದೆ ಗುರುನಾಥ. ಅವನ ಹಿಂದೆ, ಕೇರಿಯ ಬಾಯವರೆಗೆ ಮಾತ್ರ, ನಿಜಗುಣಪ್ಪ.

"ನಳ ಬಂದ್ ಮಾಡ್ರಿ! ದೊಡ್ಡ ಸಾಹೇಬರು ಬೆವತು ಕುಂತಾರ. ಪರದೆ ಹೋಗೈತಿ, ಕೂಲರ್ ಹೋಗೈತಿ. ಗುರುನಾಥ, ಕರೆಂಟ ಹೊಳ್ಳಿ ಹಾಕೋ!"

"ಹ್ಯಾಂಡಲ್ ಎಲ್ಲೈತ್ರಿ ಸರ್? ನೀವ ಕಿತ್ತಿರಿ," ಎಂದು ಗುರುನಾಥ ಕಟ್ಟೆಯ ಮೇಲೆ ಕೂತ.

"ಹಂಗಾರ ಒಂದು ಇಪ್ಪತ್ತು ಕೊಡ ಲಗೂನ ಟಾಕಿಗೆ ಹಾಕ್ರಿ ಅಕ್ಕಾರ. ಗೆರಿ ಮ್ಯಾಲ ಹೋದ್ರ ಸಾಕು, ಅದು ತಾನಾಗೇ ಹೊಳ್ಳಿ ಕೊಡತೈತಿ. ಕೈ ಮುಗೀತೇನಿ."

ಹೆಂಗಸರು ಖಾಲಿ ಕೊಡಗಳನ್ನು ಬೋರಲು ಹಾಕಿದರು. ಅದರ ಮೇಲೆ ಕೂತರು. ಸುಂದರವ್ವನೂ ಬಂದು ತನ್ನ ನಗ್ಗಿದ ಕೊಡದ ಮೇಲೆ ಕೂತಳು.

"ಬ್ಯಾಟರಿ ಕೆಟ್ಟೈತ್ರಿ," ಅಂದಳು ಕೆಂಪವ್ವ. "ಬಿಸಲಿಗೆ ಇಡಬೇಕು. ಸಂಜಿಗೆ ಒಂದೀಟು ಉಸಿರು ಬಂದ್ರ ಬಂತು."

ಮಧು ತಿರುಗಿ ಕೂಗಿದ. "ಅಧ್ಯಕ್ಷರ! ನಿಮ್ಮ ಮಂದೀನರ ಕರೀರಿ. ನೀವ ನಾಲ್ಕು ಕೊಡ ಹೊರ್ರಿ, ಬರ್ರಿ!"

ನಿಜಗುಣಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಈ ಕೊಡ ನಾ ಮುಟ್ಟಂಗಿಲ್ರಿ. ಇವತ್ತು ಸೋಮವಾರ."

"ಗುರುವಾರ ಅಲ್ಲೇನ್ರಿ ಗೌಡ್ರ?"

ಯಾರು ಕೇಳಿದರೆಂದು ಗೊತ್ತಾಗಲಿಲ್ಲ. ನಗೆ ಮಾತ್ರ ಇಡೀ ಕೇರಿಯದಾಗಿತ್ತು. ಈ ಸಲ ಯಾರೂ ಸೆರಗು ಅಡ್ಡ ಹಿಡಿಯಲಿಲ್ಲ.

ಮಧು ಅತ್ತಿತ್ತ ನೋಡಿ, ಸುಂದರವ್ವನ ಮನೆಯ ಮುಂದೆ ತುಂಬಿಟ್ಟಿದ್ದ ಕೊಡಕ್ಕೆ ಕೈ ಹಾಕಿದ.

ಭಾಗ್ಯಾ ಎದ್ದಳು. ತುಂಬಿದ ಕೊಡದ ಮೇಲೆ ಕೈಯಿಟ್ಟು ತಡೆದಳು. ಒಂದು ಖಾಲಿ ಕೊಡ ತಂದು ಅವನ ಮಿಂಚುವ ಬೂಟುಗಳ ಮುಂದಿಟ್ಟಳು. ಆಮೇಲೆ ಅವ್ವನ ಹಿಂದೆ ಹೋಗಿ ನಿಂತು ಕುತ್ತಿಗೆಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದಳು. ಅವ್ವ ಬೇಡವೆನ್ನಲಿಲ್ಲ. ಎಡಗೈಯಿಂದ ಕುತ್ತಿಗೆ ಸವರಿಕೊಂಡಳು. ಅದರ ಮೇಲೆ ಇಂದು ಏನೂ ಇರಲಿಲ್ಲ.

ಪಟ್ಟಿ ಬೆವರಿನಿಂದ ಹಳದಿಯಾಗಿತ್ತು. ಭಾಗ್ಯಾ ಅದನ್ನು ಅವನ ಮುಂದೆ ಹಿಡಿದಳು. ಗಂಟಲಲ್ಲಿ ಕೂತದ್ದು ಈಗ ಕೂತಿರಲಿಲ್ಲ. ಮೈಕಿಲ್ಲದಿದ್ದರೂ ಅವಳ ದನಿ ಮೇಲಿನ ಓಣಿಯ ಪೆಂಡಾಲಿನವರೆಗೆ ಹೋಯಿತು.

"ಹಳ್ಳ ಆ ಕಡೆ ಐತ್ರಿ ಸರ್. ಮೊದಲ ಇದನ್ನ ಕಟ್ಟಿಕೊಳ್ರಿ. ಮೋಟರಿಗೆ ಕುತ್ತಿಗಿ ಇಲ್ಲ. ನಿಮಗೈತಲ್ಲ."